ಹಿಡಿದು ಹೊಲಿದ ಅಂಗಿಗಳು

ಜನವರಿ 12

ಪ್ರೀತಿಯ ಅಮ್ಮನಿಗೆ,

ಊರು ಬದಲಾಯಿತು, ವಿಳಾಸ ಬದಲಾಯಿತು, ನನ್ನ ಹೆದರಿಕೆ ಮಾತ್ರ ಬಟ್ಟೆಯ ಪೆಟ್ಟಿಗೆಯ ಜೊತೆಗೇ ರೈಲು ಹತ್ತಿ ಬಂತು. ವೇಷಭೂಷಣ ಹೊಲಿಯಲು ಈ ನಾಟಕ ತಂಡ ಸೇರಿ ಮೂರು ತಿಂಗಳಾದರೂ ಮೇಷ್ಟ್ರು ನನ್ನ ಕಡೆ ತಿರುಗಿದರೆ ಸಾಕು, ಇವತ್ತು ಗಂಟುಮೂಟೆ ಕಟ್ಟು ಅನ್ನುತ್ತಾರೆ ಎಂದೇ ಎದೆ ಹೊಡೆದುಕೊಳ್ಳುತ್ತದೆ. ಮೇಷ್ಟ್ರು ಅಂದರೆ ನಮ್ಮ ನಿರ್ದೇಶಕರು. ಬೈಯುವುದಿಲ್ಲ. ಸುಮ್ಮನೆ ನೋಡುತ್ತಾರೆ. ಅದಕ್ಕಿಂತ ಬೈದಿದ್ದರೇ ವಾಸಿ.

ಹೊಸ ನಾಟಕದಲ್ಲಿ ಒಬ್ಬ ಮುದಿ ಸೇನಾಪತಿ ಇದ್ದಾನೆ. ಯುದ್ಧ ಮುಗಿದು ಎಷ್ಟೋ ವರ್ಷವಾದರೂ ಅಪ್ಪಣೆ ಬರುತ್ತದೆ ಅಂತ ಕಾಯುತ್ತಾ ಕೂತಿರುತ್ತಾನೆ. ಅಂಕದಿಂದ ಅಂಕಕ್ಕೆ ಅವನು ಕುಗ್ಗಬೇಕಂತೆ. "ಮೇಕಪ್ ಬೇಡ, ಗೂನು ಬೇಡ. ಬಟ್ಟೇಲೇ ಮಾಡಿ ತೋರ್ಸು," ಅಂದರು ಮೇಷ್ಟ್ರು. ಆ ಪಾತ್ರ ಮಾಡುವವರನ್ನು ನೀನು ನೋಡಬೇಕು. ಬಾಗಿಲಿಗೆ ಅಡ್ಡ ನಿಂತರೆ ಗಾಳಿಯೂ ಒಳಗೆ ಬರುವುದಿಲ್ಲ. ಅವರನ್ನು ನಾನು ಹೇಗೆ ಕುಗ್ಗಿಸಲಿ?

ಇಲ್ಲೊಂದು ದೊಡ್ಡ ವಸ್ತುಸಂಗ್ರಹಾಲಯವಿದೆ. ರಜೆಯ ದಿನ ಹೋಗಿ ಗಾಜಿನ ಹಿಂದೆ ತೂಗುಹಾಕಿದ ಹಳೆಯ ಕೋಟುಗಳನ್ನೂ ಗೋಡೆಯ ಚಿತ್ರಗಳನ್ನೂ ನೋಡಿ ನೋಡಿ ಕಾಲು ನೋವು ಬಂತು, ಮತ್ತೇನೂ ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನಗೆ ಹಿತ್ತಲ ಗಿಡ ಬಿಟ್ಟರೆ ಬೇರೆ ಮದ್ದೇ ನಾಟುವುದಿಲ್ಲ. ಹೋದ ನಾಟಕದಲ್ಲಿ ಎಲ್ಲರೂ ಹೊಗಳಿದ್ದು ಅಡುಗೆಯವಳ ವೇಷವನ್ನು. ಅದು ನೀನೇ. ಕತ್ತರಿ ಹಿಡಿಯುವ ಕೈಯ ತೋಳನ್ನು ಮಾತ್ರ ಮೇಲಕ್ಕೆ ಮಡಚಿಕೊಳ್ಳುತ್ತೀಯಲ್ಲ, ಅದನ್ನೇ ಹಾಕಿದ್ದೆ. ನಾಯಕಿಯ ಹೊದಿಕೆಯ ನೀಲಿ ಬಣ್ಣ ಅಪ್ಪನ ಫೋಟೋ ಸ್ಟುಡಿಯೋದಲ್ಲಿ ಗಿರಾಕಿಗಳ ಹಿಂದೆ ಇಳಿಬಿಡುವ ಪರದೆಯ ಮೇಲೆ ಬರೆದ ಕೆರೆಯದು.

ಅದಕ್ಕೇ ಬೇಡುತ್ತಿದ್ದೇನೆ. ಮನೆಯ ಸುದ್ದಿ ಬರೆ. ದೊಡ್ಡ ಸುದ್ದಿ ಬೇಡ. ಯಾರು ಏನು ತೊಟ್ಟರು, ಎಲ್ಲಿ ಹರಿಯಿತು, ನೀನು ಹೇಗೆ ತೇಪೆ ಹಾಕಿದೆ, ಅಷ್ಟು ಸಾಕು.

ಇಂತಿ ನಿನ್ನ,
ಚೂಟಿ


ಜನವರಿ 24

ಪ್ರೀತಿಯ ಚೂಟಿಗೆ,

ಹರಿದ ಬಟ್ಟೆಯ ಸುದ್ದಿ ಕೇಳುವ ಮಗಳನ್ನು ನಾನೊಬ್ಬಳೇ ಹೆತ್ತಿರಬೇಕು. ನನ್ನ ತೋಳು ನಾಟಕ ಸೇರಿದ್ದು ಕೇಳಿ ನಿಮ್ಮಪ್ಪ ಎರಡು ದಿನ ನಕ್ಕರು. "ನಾನ್ಯಾವಾಗ ಸ್ಟೇಜ್ ಹತ್ತೋದು ಕೇಳು," ಅಂದರು.

ಹತ್ತಿಸಬಹುದು, ಈಗ ಹಾಗೇ ಇದ್ದಾರೆ. ಅವರ ಅಂಗಿಗಳನ್ನೆಲ್ಲ ಪಕ್ಕಕ್ಕೆ ಹಿಡಿದು ಹೊಲಿದೆ. ದೊಗಳೆ ಅಂಗಿಯ ಕಾಲ ಹೋಯಿತಂತೆ, ಈಗ ಮೈಗೆ ಕೂತ ಅಂಗಿಯೇ ಫ್ಯಾಷನ್ ಅಂತೆ. ಫೋಟೋಗೆ ಬರುವ ಹುಡುಗರನ್ನು ನೋಡಿ ಕಲಿತಿದ್ದಾರೆ. ನಾನೂ ಹುಮ್ಮಸ್ಸಿನಲ್ಲಿ ಬೆನ್ನಿಗೆ ಎರಡು ಡಾರ್ಟ್ ಹಾಕಿದೆ, ಸೊಂಟದ ಮೇಲೆ ಬಟ್ಟೆಯನ್ನು ಚಿವುಟಿ ಹಿಡಿದ ಹಾಗೆ. ಹಾಕಿಕೊಂಡು ಸ್ಟುಡಿಯೋದ ಕನ್ನಡಿಯ ಮುಂದೆ, ದಾರಕ್ಕೆ ಕಟ್ಟಿದ ಬಾಚಣಿಗೆ ಇದೆಯಲ್ಲ ಅಲ್ಲಿ, ಹಿಂದೆ ಮುಂದೆ ತಿರುಗಿ ನೋಡಿಕೊಂಡರಂತೆ. ಕೆಳಗಿನ ಅಂಗಡಿಯ ಗಡಿಯಾರದವರು ಕಂಡು, "ಏನ್ರೀ, ಮತ್ತೆ ಮದುವೆ ಗಿದುವೆ ಉಂಟಾ?" ಅಂತ ಕೀಟಲೆ ಮಾಡಿದರಂತೆ. ಅದನ್ನು ನನಗೆ ಹೇಳಿ ಬಹಳ ಖುಷಿಪಟ್ಟರು.

ನಿನಗೆ ಉಪಯೋಗವಾದರೆ ಬಳಸಿಕೋ. ಒಳಗಿನ ಬಟ್ಟೆ ಕತ್ತರಿಸದೆ ಹಾಗೇ ಮಡಿಸಿಟ್ಟು ಹೊಲಿ, ಮುಂದೆ ಬಿಚ್ಚಬೇಕಾದರೆ ಸುಲಭ. ಇದು ನಿನಗೆ ನಾನು ಹೇಳಿಕೊಡಬೇಕಾದ್ದೇನಲ್ಲ.

ಮೇಷ್ಟ್ರಿಗೆ ಹೆದರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಪ್ಪ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ.

ನಿನ್ನ ಅಮ್ಮ


ಫೆಬ್ರವರಿ 6

ಅಮ್ಮ,

ನಿನ್ನ ಡಾರ್ಟ್ ಗೆದ್ದಿತು! ಸೇನಾಪತಿಯ ಹತ್ತಿರ ಒಬ್ಬ ಕಿರಿಯ ಅಧಿಕಾರಿ ಬರುತ್ತಾನೆ, ಜಂಬದ ಕೋಳಿ. ಅವನ ಅಂಗಿಯ ಬೆನ್ನಿಗೆ ಹಾಗೇ ಚಿವುಟಿ ಹೊಲಿದೆ. ನಟ ತೊಟ್ಟ ಕೂಡಲೇ ಎದೆ ಉಬ್ಬಿಸಿ ನಡೆಯತೊಡಗಿದ, ಹೇಳಿಕೊಡಬೇಕಾಗಲೇ ಇಲ್ಲ. ಮೇಷ್ಟ್ರು ನೋಡಿ ಮೊದಲ ಸಲ ಬಾಯಿ ಬಿಟ್ಟು "ಹ್ಞೂಂ" ಅಂದರು. ತಂಡದವರು ಹೇಳುವ ಪ್ರಕಾರ ಅದು ಭಾರೀ ಹೊಗಳಿಕೆ.

ಸೇನಾಪತಿ ಮಾತ್ರ ಹಾಗೇ ಕೂತಿದ್ದಾನೆ. ಬಣ್ಣ ಮಂಕು ಮಾಡಿ ನೋಡಿದೆ, ಗುಂಡಿ ಕಿತ್ತು ನೋಡಿದೆ. ಭಿಕ್ಷುಕನ ಹಾಗೆ ಕಾಣುತ್ತಾನೆ, ಕುಗ್ಗಿದವನ ಹಾಗೆ ಕಾಣುವುದಿಲ್ಲ. ಈ ಊರಲ್ಲಿ ನದಿಯ ದಂಡೆಗೆ ಸಂಜೆ ಮುದುಕರು ಬಂದು ಕೂರುತ್ತಾರೆ. ನಾನೂ ಚಿತ್ರ ಬರೆಯುವ ನೆಪದಲ್ಲಿ ಪಕ್ಕದಲ್ಲೇ ಕೂತು ಅವರ ಹೆಗಲು, ಮಂಡಿ ಎಲ್ಲ ಗೀಚಿಕೊಳ್ಳುತ್ತೇನೆ. ನಿನ್ನೆ ಒಬ್ಬರು ಎದ್ದು ಬಂದು, "ನನ್ನ ಮೂಗು ಅಷ್ಟು ದೊಡ್ಡದಾ?" ಅಂತ ಜಗಳಕ್ಕೆ ನಿಂತರು.

ಇನ್ನೂ ಬರೆ ಅಮ್ಮ. ಅಪ್ಪನ ಹೊಸ ಷೋಕಿಯ ಬಗ್ಗೆ ಎಲ್ಲವನ್ನೂ ಬರೆ. ಮುಂದಿನ ತಿಂಗಳು ಮೊದಲ ಪ್ರದರ್ಶನ. ನೆನೆಸಿಕೊಂಡಾಗೆಲ್ಲ ಎದ್ದು ಹೋಗಿ ಹೊಲಿದ ಗುಂಡಿಗಳನ್ನೇ ಮತ್ತೆ ಎಣಿಸುತ್ತೇನೆ.

ನಿನ್ನ ಚೂಟಿ


ಫೆಬ್ರವರಿ 23

ಪ್ರೀತಿಯ ಚೂಟಿಗೆ,

ಬರೆಯುವುದು ತಡವಾಯಿತು. ಮಷೀನಿನ ಮುಂದೆ ಕೂತರೆ ಏಳಲಾಗುತ್ತಿಲ್ಲ. ಹೊರಗಿನ ಹೊಲಿಗೆ ಅಷ್ಟೇನಿಲ್ಲ, ಎಲ್ಲ ಮನೆಯದೇ.

ನಿಮ್ಮಪ್ಪನ ಅಂಗಿಗಳನ್ನು ಮತ್ತೆ ಹಿಡಿದೆ. ಈ ಸಲ ಹೆಗಲನ್ನೂ ಕಿರಿದು ಮಾಡಿದೆ. ಕೊರಳಪಟ್ಟಿ ಬಿಚ್ಚಿ, ಅರ್ಧ ಇಂಚು ಒಳಗೆ ತೆಗೆದುಕೊಂಡು ಪುನಃ ಕೂರಿಸಿದೆ. ಕಾಲರ್ ಕೂರಿಸುವುದು ಎಷ್ಟು ನಾಜೂಕಿನ ಕೆಲಸ ಅಂತ ನಿನಗೆ ಗೊತ್ತು. ಹೊಲಿಗೆ ಎಲ್ಲಿದೆ ಅಂತ ಯಾರೂ ಕಂಡುಹಿಡಿಯಲಾರರು. ಪ್ಯಾಂಟಿಗೂ ಹಾಗೇ ಮಾಡಿದೆ. ತೊಟ್ಟು ನಿಂತರೆ ಮೊದಲಿನ ಹಾಗೇ ಕಾಣುತ್ತಾರೆ.

ಸ್ಟುಡಿಯೋದ ಮೆಟ್ಟಿಲು ಹತ್ತುವಾಗ ತಿರುವಿನಲ್ಲಿ ನಿಂತು ಕಿಟಕಿಯಿಂದ ಬೀದಿ ನೋಡುವುದು ಒಂದು ಹೊಸ ಅಭ್ಯಾಸ. ಯಾಕೆ ಅಂದರೆ, "ಇಲ್ಲಿ ಬೆಳಕು ಚೆನ್ನಾಗಿದೆ ಕಣೇ," ಅನ್ನುತ್ತಾರೆ. ಇಷ್ಟು ವರ್ಷ ಇಲ್ಲದ ಬೆಳಕು ಈಗ ಎಲ್ಲಿಂದ ಬಂತೋ. ಇಳಿಯುವಾಗ ನಿಲ್ಲುವುದಿಲ್ಲ. ಊಟ ಅಷ್ಟಕ್ಕಷ್ಟೆ. ಬಡಿಸಿದ್ದು ತಟ್ಟೆಯಲ್ಲೇ ಉಳಿದರೆ ನಾನು ಬೇರೆ ಕಡೆ ನೋಡುತ್ತೇನೆ.

ನಿನಗೆ ಇದೆಲ್ಲ ಏನಕ್ಕೂ ಬಾರದು. ಕೇಳಿದೆಯಲ್ಲ ಅಂತ ಬರೆದೆ. ಮೊದಲ ಪ್ರದರ್ಶನ ಚೆನ್ನಾಗಿ ಆಗಲಿ. ನಾವಿಬ್ಬರೂ ಚೆನ್ನಾಗಿದ್ದೇವೆ, ನೀನು ಏನೂ ಯೋಚನೆ ಮಾಡಬೇಡ. ರಜೆ ಕೇಳಿಕೊಂಡು ಬರುವುದಂತೂ ಬೇಡವೇ ಬೇಡ.

ನಿನ್ನ ಅಮ್ಮ


ಮಾರ್ಚ್ 9

ಅಮ್ಮ,

ನಿನ್ನೆ ಮೊದಲ ಪ್ರದರ್ಶನ ಆಯಿತು. ಚೆನ್ನಾಗಿ ಆಯಿತು. ಎಷ್ಟು ಚೆನ್ನಾಗಿ ಆಯಿತು ಅಂತ ಹೇಳಿದ ಮೇಲೆ ಒಂದು ಮಾತು ಕೇಳುತ್ತೇನೆ. ಓದದೆ ಮಡಿಸಿಡಬೇಡ.

ನಿನ್ನ ಪತ್ರದಲ್ಲಿ ಕೊರಳಪಟ್ಟಿಯ ವಿಷಯ ಓದಿದ ದಿನವೇ ನನಗೆ ಸೇನಾಪತಿ ಹೊಳೆದ. ನೀನು ಒಳಗೆ ಹಿಡಿದೆಯಲ್ಲ, ನಾನು ಅದನ್ನೇ ತಿರುಗಿಸಿದೆ. ಒಂದೇ ಬಟ್ಟೆ, ಒಂದೇ ಗುಂಡಿ, ಮೂರು ಅಂಕಕ್ಕೆ ಮೂರು ಕೋಟು. ಎರಡನೆಯದು ಮೊದಲನೆಯದಕ್ಕಿಂತ ಸ್ವಲ್ಪ ದೊಡ್ಡದು, ಮೂರನೆಯದು ಇನ್ನೂ ದೊಡ್ಡದು. ಹೆಗಲು ಜಾರುತ್ತದೆ, ತೋಳು ಬೆರಳ ತನಕ ಬರುತ್ತದೆ. ಕೋಟು ಬದಲಾಗಿದ್ದು ಯಾರಿಗೂ ತಿಳಿಯುವುದಿಲ್ಲ, ಮನುಷ್ಯ ಒಣಗಿದ ಹಾಗೆ ಕಾಣುತ್ತದೆ. ಮೂರನೆಯ ಅಂಕದಲ್ಲಿ ಅವರು ಬಾಗಿಲ ಕಡೆ ಕತ್ತು ತಿರುಗಿಸಿದರು. ಕತ್ತು ತಿರುಗಿತು, ಕಾಲರ್ ಇದ್ದಲ್ಲೇ ಇತ್ತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ನನ್ನ ಬೆನ್ನು ತಟ್ಟಿದರು.

ನಾನು ಪರದೆಯ ಪಕ್ಕದಲ್ಲಿ ಸೂಜಿ ಹಿಡಿದು ನಿಂತಿದ್ದೆ. ಒಂದು ಗಳಿಗೆ ಖುಷಿಯಾಯಿತು. ಮರುಗಳಿಗೆ ನಿನ್ನ ಪತ್ರವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದೆ. ಬಟ್ಟೆ ದೊಡ್ಡದು ಮಾಡಿ ದಪ್ಪ ಮನುಷ್ಯನನ್ನು ಸಣ್ಣ ಮಾಡಬಹುದಾದರೆ, ಬಟ್ಟೆ ಸಣ್ಣದು ಮಾಡಿ ಏನು ಮಾಡಬಹುದು? ಪಕ್ಕ ಹಿಡಿಯುವುದು ಫ್ಯಾಷನ್, ಒಪ್ಪಿದೆ. ಬೆನ್ನು ಹಿಡಿಯುವುದೂ ಫ್ಯಾಷನ್. ಕೊರಳಪಟ್ಟಿ ಹಿಡಿಯುವುದು ಯಾವ ಊರಿನ ಫ್ಯಾಷನ್ ಅಮ್ಮ? ಹುಡುಗರನ್ನು ನೋಡಿ ಯಾರಾದರೂ ಕತ್ತು ಸಣ್ಣ ಮಾಡಿಕೊಳ್ಳುತ್ತಾರಾ?

ಅಪ್ಪ ಇಳಿದು ಹೋಗಿದ್ದಾರೆ. ನೀನು ಅದನ್ನು ಹೊಲಿದು ಮುಚ್ಚುತ್ತಿದ್ದೀಯ. ನಿನ್ನ ಕೈ ಅಷ್ಟು ಚೆನ್ನಾಗಿ ಕೂತಿದೆ, ಅದಕ್ಕೇ ಯಾರೂ ಅವರನ್ನು ಏನೂ ಕೇಳುತ್ತಿಲ್ಲ. ಕೇಳುವವರಿಲ್ಲದಿದ್ದರೆ ಅವರು ಡಾಕ್ಟರ ಹತ್ತಿರ ಹೋಗುವವರೇ ಅಲ್ಲ. ಅವರಿಗೆ ಆಸ್ಪತ್ರೆ ಅಂದರೆ ಎಷ್ಟು ಭಯ ಅಂತ ನನಗೆ ಗೊತ್ತಿಲ್ಲವೇ? ನಾನು ಚಿಕ್ಕವಳಿದ್ದಾಗ ನನಗೆ ಸೂಜಿ ಚುಚ್ಚಿಸಲು ಕರೆದುಕೊಂಡು ಹೋಗಿ ತಾವೇ ಹೊರಗೆ ಓಡಿ ಬಂದವರು.

ಅಮ್ಮ, ನಿನ್ನ ಕಾಲಿಗೆ ಬೀಳುತ್ತೇನೆ, ಹೊಲಿಗೆ ಬಿಚ್ಚು. ಎಲ್ಲ ಅಂಗಿಯದೂ. ಅವರು ಹೇಗಿದ್ದಾರೋ ಹಾಗೇ ಬೀದಿಗೆ ಹೋಗಲಿ.

ಚೂಟಿ


ಮಾರ್ಚ್ 20

ಅಮ್ಮ,

ನಿನ್ನಿಂದ ಉತ್ತರವಿಲ್ಲ. ನಿನ್ನೆ ಅಂಚೆ ಕಚೇರಿಯಿಂದ ಸ್ಟುಡಿಯೋಗೆ ಫೋನ್ ಮಾಡಿದೆ. ಅಪ್ಪ ಎತ್ತಿದರು. "ಎಲ್ಲಾ ಚೆನ್ನಾಗಿದೆ, ಗಿರಾಕಿ ಇದಾರೆ, ಇಡ್ತೀನಿ," ಅಂದರು. ಹಿಂದೆ ಒಬ್ಬ ಗಿರಾಕಿಯ ಸದ್ದೂ ಇರಲಿಲ್ಲ. ಅಷ್ಟು ಹೇಳುವುದರೊಳಗೆ ಎರಡು ಸಲ ಉಸಿರು ತೆಗೆದುಕೊಂಡರು.

ದಿನಾ ಆ ಮೂರನೆಯ ಕೋಟನ್ನು ನಾನೇ ಇಸ್ತ್ರಿ ಮಾಡಿ ಕೊಡಬೇಕು. ಮುಟ್ಟಲು ಭಯವಾಗುತ್ತದೆ. ಜನ ಚಪ್ಪಾಳೆ ತಟ್ಟಿದಾಗೆಲ್ಲ ಯಾರೋ ನನಗೆ ಹೊಡೆದ ಹಾಗಾಗುತ್ತದೆ. ಒಂದು ಸಾಲು ಬರೆ. ಬೈದಾದರೂ ಬರೆ.

ಚೂಟಿ


ಮಾರ್ಚ್ 27

ಪ್ರೀತಿಯ ಚೂಟಿಗೆ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಎಲ್ಲೋ ಕೂತು ನನ್ನ ಮನೆಯ ಹೊಲಿಗೆ ಬಿಚ್ಚು ಅನ್ನಲು ಇವಳ್ಯಾರು ಅಂತ. ಹರಿದು ಹಾಕಲು ಹೋದೆ, ಆಗಲಿಲ್ಲ. ನೀನು ಬರೆದದ್ದು ನನಗೆ ಗೊತ್ತಿಲ್ಲದ್ದೇನಲ್ಲ.

ನೀನು ಹೋದ ಅಕ್ಟೋಬರಿನಲ್ಲೇ ಶುರುವಾಯಿತು. ಮಗಳು ಹೋದ ಕೊರಗು ಅಂದುಕೊಂಡೆವು. ನಿನಗೆ ಹೇಳಿದರೆ ನನ್ನಿಂದಲೇ ಹೀಗಾಯಿತು ಅಂತ ಕೆಲಸ ಬಿಟ್ಟು ಓಡಿ ಬರುತ್ತೀಯ. ಅಷ್ಟು ಆಸೆಪಟ್ಟು ಸೇರಿದ ಕೆಲಸ. ಒಂದು ದಿನ ಅವರೇ ಅಂಗಿ ತಂದು, "ಜನ ನೂರೆಂಟು ಕೇಳ್ತಾರೆ, ಸ್ವಲ್ಪ ಹಿಡಿದು ಕೊಡು," ಅಂದರು. ಹಿಡಿದು ಕೊಟ್ಟೆ. ಯಾರೂ ಏನೂ ಕೇಳಲಿಲ್ಲ. ಅವರಿಗೂ ಸಮಾಧಾನ, ನನಗೂ ಸಮಾಧಾನ. ಮತ್ತೆ ಸಡಿಲವಾಯಿತು, ಮತ್ತೆ ಹಿಡಿದೆ. ಅಳತೆ ಪಟ್ಟಿ ಸುತ್ತುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಡಾಕ್ಟರ ಮಾತೆತ್ತಿದರೆ, "ನಮ್ಮಣ್ಣ ಆಸ್ಪತ್ರೆಗೆ ನಡ್ಕೊಂಡು ಹೋದ, ವಾಪಸ್ ಹೇಗೆ ಬಂದ ನೆನಪಿದೆಯಾ?" ಅನ್ನುತ್ತಿದ್ದರು. ನೆನಪಿದ್ದುದರಿಂದಲೇ ನಾನೂ ಬಾಯಿ ಮುಚ್ಚುತ್ತಿದ್ದೆ.

ಮೊನ್ನೆ ಅವರು ಸ್ನಾನಕ್ಕೆ ಹೋದಾಗ ಅಂಗಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಕೂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಷ್ಟು ತಿಂಗಳು ಹಾಕಿದ ಹೊಲಿಗೆಯೆಲ್ಲ ಅವರು ಮೈ ಒರೆಸಿಕೊಂಡು ಬರುವುದರೊಳಗೆ ಬಿಚ್ಚಿಹೋಯಿತು. ಬಂದು ನೋಡಿದರು. ನನ್ನ ಕೈಯಲ್ಲಿ ಬ್ಲೇಡು. ಕೂಗಾಡುತ್ತಾರೆ ಅಂದುಕೊಂಡೆ. ಅವುಗಳಲ್ಲೇ ಒಂದನ್ನು ತೊಟ್ಟು, ಗುಂಡಿ ಹಾಕಿಕೊಂಡು ಹೊರಟುಹೋದರು. ಹಿಂದಿನಿಂದ ನೋಡಿದೆ. ಅಂಗಿಯೊಳಗೆ ಯಾರೂ ಇಲ್ಲದ ಹಾಗಿತ್ತು ಚೂಟಿ. ಬಾಗಿಲು ಹಾಕಿ, ಬಿಚ್ಚಿದ ದಾರದ ಎಳೆಗಳನ್ನು ಹಾಸಿಗೆಯಿಂದ ಒಂದೊಂದಾಗಿ ಹೆಕ್ಕಿದೆ.

ಮುಂದಿನದು ಗಡಿಯಾರದವರು ಹೇಳಿದ್ದು. ಹಳೆಯ ಗಿರಾಕಿಯೊಬ್ಬಳು ಮಗಳ ಫೋಟೋ ತೆಗೆಸಲು ಬಂದಳಂತೆ. ನಿಮ್ಮಪ್ಪನ ಎದುರೇ ನಿಂತು, "ಯಜಮಾನ್ರು ಇಲ್ವಾ? ನಮ್ಗೆ ಅವರೇ ತೆಗೀಬೇಕು," ಅಂದಳಂತೆ. ಇವರು "ಕೂತ್ಕೊಳ್ಳಿ, ಬರ್ತಾರೆ," ಅಂತ ಹೇಳಿ ಕತ್ತಲೆಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಬಹಳ ಹೊತ್ತು ಬರಲಿಲ್ಲ. ಆಮೇಲೆ ಬಂದು, "ನಾನೇ ಅಮ್ಮಾ," ಅಂದು ಆ ಹುಡುಗಿಯನ್ನು ಕೂರಿಸಿ, ಎಂದಿನ ಹಾಗೆ "ಗಲ್ಲ ಸ್ವಲ್ಪ ಮೇಲೆ," ಅಂದು ಫೋಟೋ ತೆಗೆದರಂತೆ.

ಮಧ್ಯಾಹ್ನವೇ ಮನೆಗೆ ಬಂದರು. ಚಪ್ಪಲಿ ಬಿಡಲಿಲ್ಲ. "ನಡಿ. ಯಾವ ಡಾಕ್ಟ್ರು ಅಂತ ನೀನೇ ಹೇಳು," ಅಂದರು.

ನಿನ್ನ ಅಮ್ಮ


ಏಪ್ರಿಲ್ 4

ಚೂಟಿ,

ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ. ಹದಿನಾಲ್ಕರಂದು ಬೆಳಿಗ್ಗೆ ಆಪರೇಷನ್. ತೆರೆದು ನೋಡಿದರೆ ಮಾತ್ರ ಎಷ್ಟಿದೆ ಅಂತ ತಿಳಿಯುತ್ತದಂತೆ.

ಡಾಕ್ಟರು, "ಯಾವಾಗಿಂದ ಇಳೀತಿದಾರೆ?" ಅಂತ ಕೇಳಿದರು. ನಿಮ್ಮಪ್ಪ ನನ್ನ ಕಡೆ ನೋಡಿದರು. ಅಕ್ಟೋಬರಿನಿಂದ ಅಂದೆ. "ಮನೇಲಿ ಯಾರೂ ಗಮನಿಸ್ಲಿಲ್ವಾ?" ಅಂದರು. ನಿಮ್ಮಪ್ಪ, "ನಾನೇ ಮುಚ್ಚಿಟ್ಟಿದ್ದೆ ಡಾಕ್ಟ್ರೇ, ಅವಳಿಗೇನೂ ಗೊತ್ತಿಲ್ಲ," ಅಂದುಬಿಟ್ಟರು. ಅಲ್ಲೇ ಸತ್ತುಹೋಗಬಾರದೇ ಅನಿಸಿತು.

ರಜೆ ಸಿಕ್ಕಿದರೆ ಬಾ.

ನಿನ್ನ ಅಮ್ಮ


ಏಪ್ರಿಲ್ 9

ಅಮ್ಮ,

ಮೇಷ್ಟ್ರು ಒಂದೇ ಮಾತು ಅಂದರು, "ಹೋಗು." ಕೆಲಸ ಉಳಿಯುತ್ತದೋ ಇಲ್ಲವೋ ಕೇಳಲಿಲ್ಲ, ಕೇಳಬೇಕು ಅಂತಲೂ ಅನಿಸಲಿಲ್ಲ. ಇಲ್ಲಿಂದ ನಮ್ಮೂರ ಕಡೆಗೆ ವಾರಕ್ಕೊಂದೇ ರೈಲು. ಹದಿನಾಲ್ಕರ ಸಂಜೆಗೆ ಬಂದು ತಲುಪುತ್ತೇನೆ. ಬೆಳಿಗ್ಗೆಗೆ ಆಗುವುದಿಲ್ಲ. ಎಲ್ಲ ದಾರಿ ಹುಡುಕಿದೆ ಅಮ್ಮ, ಆಗುವುದಿಲ್ಲ.

ಸೇನಾಪತಿ ಪಾತ್ರ ಮಾಡುವವರು ವಿಷಯ ತಿಳಿದು ನನ್ನ ಹತ್ತಿರ ಬಂದರು. ಅಷ್ಟು ದೊಡ್ಡ ಮನುಷ್ಯ, ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು. ಗಮನಿಸಿ ನೋಡಿದವಳು ನಾನೊಬ್ಬಳೇ ಅಂತ ಜಂಬಪಟ್ಟುಕೊಂಡಿದ್ದೆ. ನಾನು ಗಮನಿಸಿದ್ದು ನಾಟಕಕ್ಕೆ. ಅದೇ ಪತ್ರವನ್ನು ಮಗಳ ಹಾಗೆ ಓದಿದ್ದರೆ ಹತ್ತು ದಿನ ಮುಂಚೆ ಗೊತ್ತಾಗುತ್ತಿತ್ತು.

ಅಪ್ಪನಿಗೆ ಹೇಳು, ನಾನು ಬರುತ್ತಿದ್ದೇನೆ.

ಚೂಟಿ


ಏಪ್ರಿಲ್ 14

ಪ್ರೀತಿಯ ಚೂಟಿಗೆ,

ಸಂಜೆ ನೀನೇ ಬರುತ್ತೀಯ, ಈ ಪತ್ರವನ್ನು ಅಂಚೆಗೆ ಹಾಕಬೇಕಾಗಿಲ್ಲ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ನೀನು ಕೂತರೆ ನಾನು ಮತ್ತೆ "ಎಲ್ಲ ಸರಿಹೋಗುತ್ತೆ, ಊಟ ಮಾಡಿದೆಯಾ?" ಅನ್ನುತ್ತೇನೆ. ನನ್ನ ಬಾಯಿಯನ್ನು ನಾನೇ ನಂಬುವುದಿಲ್ಲ.

ಅವರನ್ನು ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತಾಯಿತು. ಇಲ್ಲಿ ಒಂದು ಉದ್ದದ ಬೆಂಚು, ಎದುರಿಗೆ ಹಸಿರು ಬಾಗಿಲು. ಬಾಗಿಲು ತೆರೆದಾಗೆಲ್ಲ ಎಲ್ಲರೂ ಏಳುತ್ತೇವೆ, ನಮಗಲ್ಲ ಅಂತ ಗೊತ್ತಾದ ಮೇಲೆ ಕೂರುತ್ತೇವೆ. ಗಡಿಯಾರದವರು ಟೀ ತಂದುಕೊಟ್ಟು ಹೋದರು. ಹಾಗೇ ಆರಿಹೋಯಿತು.

ಒಳಗೆ ಹೋಗುವ ಮುಂಚೆ ಅವರಿಗೆ ಆಸ್ಪತ್ರೆಯ ಗೌನು ತೊಡಿಸಿದರು. ಎಲ್ಲರಿಗೂ ಒಂದೇ ಅಳತೆಯದು. ಕುತ್ತಿಗೆಯ ಹಿಂದೆ ಒಂದು ದಾರ, ಸೊಂಟಕ್ಕೆ ಒಂದು ದಾರ, ನಡುವೆ ಇನ್ನೊಬ್ಬರು ಹಿಡಿಯುವಷ್ಟು ಜಾಗ. ನನ್ನ ಕೈ ತಾನಾಗಿಯೇ ಹೋಯಿತು. ಬೆನ್ನ ಹಿಂದೆ ಬಟ್ಟೆ ಒಟ್ಟುಮಾಡಿ ಹಿಡಿದೆ. ಪಿನ್ನಿಗೆ ಹುಡುಕಾಡಿದೆ.

"ಬೇಡ ಬಿಡೇ," ಅಂದರು. "ಹಿಡೀಬೇಡ. ಎಷ್ಟಿದೀನೋ ಅಷ್ಟೇ ಕಾಣ್ಲಿ."

ಬಿಟ್ಟೆ. ಆಗ ಅವರು ನನ್ನ ಕೈ ಹಿಡಿದುಕೊಂಡರು. ಮದುವೆಯಾದಾಗಿನಿಂದ ಆ ಮನುಷ್ಯ ತಮಗೆ ತಲೆನೋವು ಅಂತ ಕೂಡ ಹೇಳಿದವರಲ್ಲ. "ತುಂಬಾ ಹೆದ್ರಿಕೆ ಆಗ್ತಿದೆ ಕಣೇ," ಅಂದರು. ಏನೂ ಆಗಲ್ಲ ಸುಮ್ಮನಿರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿಕೊಂಡೆ. "ನಂಗೂ ರೀ," ಅಂದೆ. ಇಬ್ಬರೂ ಅತ್ತೆವು. ದಾದಿ ಬಂದು ಗಾಲಿಮಂಚ ಹಿಡಿದು ನಿಂತಿದ್ದಳು, ಪಾಪ, ಅವಸರ ಮಾಡಲಿಲ್ಲ. ಎಷ್ಟೋ ತಿಂಗಳ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಈಗಲೂ ಹೆದರಿಕೆಯೇ. ಕಡಿಮೆಯಾಗಿಲ್ಲ. ಇದೇ ಹೆದರಿಕೆಯನ್ನು ಅಕ್ಟೋಬರಿನಲ್ಲೇ ಅವರಿಗೆ ಹೇಳಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುವುದನ್ನು ನಿಲ್ಲಿಸಲಾಗುತ್ತಿಲ್ಲ.

ನೀನು ಬಂದಾಗ ಬಾಗಿಲು ತೆರೆದಿರುತ್ತದೋ, ಇನ್ನೂ ಮುಚ್ಚಿರುತ್ತದೋ ನನಗೆ ಗೊತ್ತಿಲ್ಲ. ಹೇಗೇ ಇರಲಿ, ನನಗೆ ಧೈರ್ಯ ಹೇಳಬೇಡ ಮಗಳೇ. ನಾನು ಹೇಳಿದರೂ ನಂಬಬೇಡ. ಬಂದು ಪಕ್ಕದಲ್ಲಿ ಕೂತು, ನಿನಗೂ ಹೆದರಿಕೆ ಆಗುತ್ತಿದೆ ಅಂತ ಮಾತ್ರ ಹೇಳು.

ನಿನ್ನ ಅಮ್ಮ